ಭೀಮಾ ದಂಡೆಯ ಊರುಗಳಲ್ಲಿ ಹಿನ್ನೀರಿನ ಏರಿಕೆಯನ್ನು ಮೊದಲೇ ಅರಿಯುವ ಬಗೆ

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಭೀಮಾ ದಂಡೆಯಲ್ಲಿ ತಗ್ಗಿನಲ್ಲಿರುವ ಊರುಗಳಿಗೆ ನೀರು ಅನೇಕ ಸಲ ನದಿಯ ಕಡೆಯಿಂದ ನುಗ್ಗುವುದಿಲ್ಲ, ಊರ ಹಿಂದಿನ ಹಳ್ಳದಿಂದ ಬರುತ್ತದೆ. ಅಘನಾಶಿನಿಯಂಥ ಕರಾವಳಿಯ ಅಳಿವೆಯಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರುವ ಸಮುದ್ರದ ಉಬ್ಬರವು ನದಿಯ ನೀರನ್ನು ತಡೆದು ನಿಲ್ಲಿಸುತ್ತದೆ. ನಮ್ಮಲ್ಲಿ ಆ ತಡೆ ಒಡ್ಡುವುದು ತುಂಬಿದ ಭೀಮೆ. ಭೀಮೆ ಎತ್ತರದಲ್ಲಿ ಹರಿಯುವಾಗ ಶಹಾಬಾದ್ ಸಮೀಪ ಅದನ್ನು ಸೇರುವ ಕಾಗಿಣಾ, ಗಾಣಗಾಪುರದಲ್ಲಿ ಸೇರುವ ಅಮರ್ಜಾ ಮತ್ತು ಹೆಸರಿಲ್ಲದ ಎಷ್ಟೋ ಹಳ್ಳಗಳು ಹೊರಹರಿಯಲಾರದೆ ಹಿಂದಕ್ಕೆ ಒತ್ತಿ ಹೊಲ, ಓಣಿಗಳಲ್ಲಿ ಹರಡುತ್ತವೆ. ಉಬ್ಬರಕ್ಕೆ ವೇಳಾಪಟ್ಟಿ ಇದೆ, ಈ ಹಿನ್ನೀರಿಗೆ ಇಲ್ಲ. ಹೀಗಾಗಿ ಅದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಮೊದಲು ತಿಳಿಯಬೇಕಾದದ್ದು ಮೇಲಿನಿಂದ ಬಿಡುವ ನೀರಿನ ಪ್ರಮಾಣ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ಸಾಮರ್ಥ್ಯ ಸುಮಾರು 117 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದು ತುಂಬಿದ ಮೇಲೆ ಒಳಹರಿವು ಬಹುಮಟ್ಟಿಗೆ ಹೊರಹರಿವೇ ಆಗುತ್ತದೆ. ಆದರೆ ಉಜನಿಯ ಅಂಕಿಯೊಂದನ್ನೇ ನಂಬಬಾರದು, ಏಕೆಂದರೆ ನೀರಾ ಮತ್ತು ಸೀನಾ ನದಿಗಳು ಅದರ ಕೆಳಗೆ ಬಂದು ಸೇರುತ್ತವೆ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ಇವೆಲ್ಲವುಗಳ ಕೆಳಗಿರುವುದರಿಂದ, ಗಾಣಗಾಪುರ, ಜೇವರ್ಗಿ, ಸನ್ನತಿ ಕಡೆಯವರಿಗೆ ಅಲ್ಲಿಂದ ಹೊರಬಿಡುವ ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ) ಲೆಕ್ಕವೇ ಹೆಚ್ಚು ಉಪಯುಕ್ತವೆಂದು ನಾನು ಭಾವಿಸುತ್ತೇನೆ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನವಿಡೀ ಹರಿದರೆ ಸುಮಾರು 8.6 ಟಿಎಂಸಿ ಆಗುತ್ತದೆ.

ಈ ಅಂಕಿಯನ್ನು ನಿಮ್ಮ ಊರಿನ ಮಟ್ಟಕ್ಕೆ ಹೊಂದಿಸಿಕೊಳ್ಳುವುದು ಎರಡನೆಯ ಕೆಲಸ. ಬೇಸಿಗೆಯಲ್ಲಿ ಹಳ್ಳದ ಸೇತುವೆಯ ಕಂಬ ಅಥವಾ ಗಟ್ಟಿಯಾದ ಬಂಡೆಯ ಮೇಲೆ ಅಡಿಗೊಂದರಂತೆ ಬಣ್ಣದ ಗೆರೆ ಎಳೆಯಿರಿ. ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಆ ಮಟ್ಟವನ್ನೂ ಗುರುತಿಸಿ. ಮಳೆಗಾಲದಲ್ಲಿ ಸೊನ್ನದಿಂದ ಎಷ್ಟು ಹೊತ್ತಿಗೆ ಎಷ್ಟು ನೀರು ಬಿಟ್ಟರು, ಅದು ನಿಮ್ಮ ಯಾವ ಗೆರೆಯನ್ನು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಊರಿಗೆ ಸಿಗುವ ಕಾಲಾವಕಾಶ ಎಷ್ಟೆಂದು ತಿಳಿಯುತ್ತದೆ. ಹಳ್ಳದ ನೀರು ಹರಿಯುವುದನ್ನು ನಿಲ್ಲಿಸಿ, ಅದರ ಮೇಲಿನ ಕಸ ನಿಂತಲ್ಲೇ ತಿರುಗತೊಡಗಿದರೆ ಅಥವಾ ಮೇಲ್ಮುಖವಾಗಿ ಸಾಗಿದರೆ ಹಿನ್ನೀರು ಆರಂಭವಾಯಿತೆಂದೇ ಅರ್ಥ. ಆಗ ಊರಲ್ಲಿ ಮಳೆ ಇಲ್ಲದಿದ್ದರೂ ಸುಮ್ಮನಿರಬೇಡಿ. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಆಂಧ್ರ ಕರಾವಳಿ ದಾಟಿ ಒಳನಾಡಿಗೆ ಬಂದಾಗ ಆದಂತೆ ಭೀಮೆ, ಕಾಗಿಣಾ ಎರಡೂ ಒಂದೇ ವಾರದಲ್ಲಿ ಉಕ್ಕಿದರೆ ನೀರು ಇಳಿಯಲು ದಿನಗಳೇ ಹಿಡಿಯುತ್ತವೆ.

ಕಾಲಾವಕಾಶ ತಿಳಿದ ಮೇಲೆ ಸಾಗಿಸುವ ಕ್ರಮವನ್ನು ನಿರ್ಧರಿಸಿ. ಎರಿ ಭೂಮಿ (ಕಪ್ಪು ಮಣ್ಣಿನ ನೆಲ) ನೆನೆದ ಮೇಲೆ ಬಂಡಿಯೂ ಟ್ರ್ಯಾಕ್ಟರೂ ಹೂಳುವುದರಿಂದ ದನಕರು ಮತ್ತು ಒಂದು ವಾರಕ್ಕಾಗುವಷ್ಟು ಕಣಿಕೆಯನ್ನು (ಜೋಳದ ಒಣ ಮೇವು) ಎಲ್ಲಕ್ಕಿಂತ ಮೊದಲು ದಿಬ್ಬಕ್ಕೆ ಒಯ್ಯಬೇಕು. ನದಿ ದಂಡೆಯ ಪಂಪ್‌ಸೆಟ್ಟಿನ ಮೋಟಾರನ್ನು ವಿದ್ಯುತ್ ಕಡಿತಗೊಳಿಸಿದ ನಂತರವೇ ಬಿಚ್ಚಿರಿ. ಹಗೇವಿನಲ್ಲಿ (ಕಾಳು ತುಂಬಿಡುವ ನೆಲಗುಂಡಿ) ಜೋಳವಿದ್ದರೆ ನೀರು ಮೇಲೆ ಕಾಣುವ ಮೊದಲೇ ತೆಗೆಯಿರಿ. ನೆಲದೊಳಗಿನ ತೇವವೇ ಅದನ್ನು ಕೆಡಿಸುತ್ತದೆ. ಯಾವ ಕಾರಣಕ್ಕೂ ಮಣ್ಣಿನ ಗೋಡೆಯ ಮಾಳಿಗೆಯನ್ನೇರಿ ಆಶ್ರಯ ಪಡೆಯಬೇಡಿ. ಕೆಳಗಿನ ಗೋಡೆ ನೆನೆದರೆ ಮೇಲಿನ ಭಾರವೇ ಅದನ್ನು ಕುಸಿಸುತ್ತದೆ, ಮತ್ತು ಇಂಥ ಗೋಡೆಗಳು ನೀರು ಇಳಿದ ಮೇಲೂ ಬೀಳುತ್ತವೆ. ನೀರು ಹರಿಯುತ್ತಿರುವ ಸೇತುವೆಯನ್ನು ನಡೆದಾಗಲಿ ವಾಹನದಲ್ಲಾಗಲಿ ದಾಟಬೇಡಿ, ಮೊಣಕಾಲಿಗಿಂತ ಕಡಿಮೆ ನೀರೂ ಸೆಳೆದೊಯ್ಯಬಲ್ಲದು.

ನೀರು ಇಳಿದ ಮೇಲೆ ಕೊಳವೆಬಾವಿಯ ನೀರನ್ನು ಕ್ಲೋರಿನ್ ಹಾಕಿ ಶುದ್ಧಗೊಳಿಸುವವರೆಗೆ ಕುದಿಸಿಯೇ ಕುಡಿಯಿರಿ. ತೊಗರಿಯ ಬೇರು ನಿಂತ ನೀರನ್ನು ತಾಳದು. ಆದ್ದರಿಂದ ಹೊಲದ ತಗ್ಗಿನ ಮೂಲೆಯಿಂದ ಬಸಿಗಾಲುವೆ ತೆಗೆದು ನೀರನ್ನು ಬೇಗ ಹೊರಹಾಕಿ. ಬೆಳೆ ವಿಮೆ ಮಾಡಿಸಿದ್ದರೆ ಹೊಲ ಜಲಾವೃತವಾದ 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಹಾನಿಯ ಚಿತ್ರಗಳನ್ನು ನೀರು ಬಸಿಯುವ ಮೊದಲೇ ತೆಗೆದಿಟ್ಟುಕೊಳ್ಳಿ.