ಬಿಟ್ಟ ಎಲೆ ಎಣಿಸಿ ಗೆದ್ದೆ: ಸೆವೆನ್ ಕಾರ್ಡ್ ಸ್ಟಡ್‌ನಲ್ಲಿ ನನ್ನ ಮೂರು ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಬೋಟು ಕಡಲಿಗೆ ಇಳಿಯೋದಿಲ್ಲ. ಕಾರವಾರದ ಬೈತಖೋಲದಲ್ಲಿ ಕಟ್ಟಿಟ್ಟ ಮೇಲೆ ನಮ್ಮ ಏಳು ಜನರಿಗೆ ಸಂಜೆ ಸ್ಟಡ್ ಒಂದೇ, ಅಂದರೆ ಕೆಲವು ಎಲೆ ಮುಚ್ಚಿ, ಕೆಲವು ತೆರೆದು ಹಂಚೋ ಏಳೆಲೆಯ ಪೋಕರ್. ಬೂಟು, ಅಂದರೆ ಆಟ ಶುರುವಿಗೆ ಎಲ್ಲರೂ ಹಾಕೋ ಹಣ, 2 ರೂಪಾಯಿ, ಆಮೇಲಿನ ಪಣ ಮೊದಲು 10, ಕೊನೆಗೆ 20ರದ್ದು, ಚಿಪ್ಸ್ ಬದಲು ಬಳಚಿನ ಚಿಪ್ಪು.

ಮೊದಲ ಮಳೆಗಾಲ ಸುಮಾರು ಆರೂವರೆ ಸಾವಿರ ಹೋಯ್ತು. ಬಲೆ ರಿಪೇರಿಗೆ ಅಂತ ತೆಗೆದಿಟ್ಟ ಹಣ ಅದು. ಮೂರೆಲೆ ಒಂದೇ ಕಲರ್ (ಒಂದೇ ಗುರುತು) ಬಂದರೆ ಸಾಕು, ಏಳನೇ ಎಲೆವರೆಗೂ ಸುಮ್ನೆ ಹಾಕ್ತಾ ಹೋಗ್ತಿದ್ದೆ.

ಮರುವರ್ಷ ಬಿಟ್ಟ ಎಲೆ, ಅಂದರೆ ಆಟ ಬಿಟ್ಟವರ ಮುಂದೆ ತೆರೆದು ಬಿದ್ದಿದ್ದ ಎಲೆ, ನೆನಪಿಡೋಕೆ ಶುರು ಮಾಡಿದೆ. ‘ಅದೆಲ್ಲ ಯಾರಿಗೆ ಆಗ್ತದೆ ಮಾರಾಯಾ’ ಅಂದರು ಎಲ್ಲರೂ. ಎಲ್ಲ ಎಲೆ ಹಿಡಿಯೋಕೆ ಹೋಗಿ, ಐದನೇ ಎಲೆ ಬೀಳುವಷ್ಟರಲ್ಲಿ ನನ್ನ ಮುಚ್ಚಿದ ಎಲೆಯೇ ಮರೆತು ಮತ್ತೆ ಎತ್ತಿ ನೋಡ್ತಿದ್ದೆ. ಎದುರಿನವನಿಗೆ ಅಷ್ಟೇ ಸಾಕಲ್ವಾ? ಇನ್ನೊಂದು ಎರಡು ಸಾವಿರ ಹೋಯ್ತು.

ಕಡಿಮೆ ಎಣಿಸಿದಾಗ ದಾರಿ ಸಿಕ್ಕಿತು. ಈಗ ಮೂರೇ ನೋಡೋದು: ನನ್ನ ಕಲರ್, ನನ್ನ ಜೋಡಿ, ಎದುರಿನವನ ಮೊದಲ ತೆರೆದ ಎಲೆಯ ಜೋಡಿ. ಕೈಯಲ್ಲಿ ಮೂರು ಆಟಿನ್ ಇದ್ದು, ಉಳಿದ ಆರು ಜನರ ಮುಂದೆ ಒಂದೂ ಆಟಿನ್ ಇಲ್ಲ ಅಂದರೆ ನೂರಕ್ಕೆ 22-23 ಸಲ ಕಲರ್, ಅಂದರೆ ಐದೆಲೆ ಒಂದೇ ಗುರುತು, ಆಗ್ತದೆ. ಅಲ್ಲೇ ನಾಲ್ಕು ಆಟಿನ್ ಬಿದ್ದಿದ್ದರೆ 9 ಸಲವೂ ಇಲ್ಲ. ಅದನ್ನು ಬಿಡೋಕೆ ಕಲಿತದ್ದೇ ನನಗೆ ಜಾಸ್ತಿ ದುಡ್ಡು ಉಳಿಸಿದ್ದು.

ಕಳೆದ ಜುಲೈನ ಒಂದು ಕೈ ಹೇಳ್ತೇನೆ. ಗೆಳೆಯನ ಮುಂದೆ ರಾಜ, ಜೋರಾಗಿ ಏರಿಸ್ತಿದ್ದ. ನನ್ನ ಮುಂದೆ ಎಕ್ಕ, ಒಳಗೆ ಎರಡು ಒಂಬತ್ತು. ಆದರೆ ಇನ್ನೆರಡು ರಾಜ ಬೇರೆಯವರ ಮುಂದೆ ಬಿದ್ದು, ಅವರು ಆಟ ಬಿಟ್ಟಾಗ ಪ್ಯಾಕ್ ಆಗಿದ್ದವು. ಅವನಿಗೆ ಜೋಡಿ ಇದ್ದರೂ ಮೂರನೇ ರಾಜ ಎಲ್ಲಿಂದ ಬರಬೇಕು? ನನ್ನ ಒಂಬತ್ತು, ಎಕ್ಕ ಒಂದೂ ಹೋಗಿರಲಿಲ್ಲ. ಬಿಡಲಿಲ್ಲ. ಆರನೇ ಎಲೆ ಒಂಬತ್ತು ಬಂತು. ಅವನು ಶೋ ಮಾಡಿದಾಗ ರಾಜ ಎರಡು, ನಾಲ್ಕು ಎರಡು. ಇನ್ನೂರರ ಮೇಲೆ ಚಿಲ್ಲರೆ ಎಳ್ಕೊಂಡೆ. ಆಮೇಲೆ ಯಾರೂ ಮಾರಾಯಾ ಅಂತ ಶುರು ಮಾಡಲಿಲ್ಲ.

ನಡುವೆ ಒಂದು ವಾರ ಸ್ಟಡ್‌ನ ಇನ್ನೊಂದು ಬಗೆ ರಾಝ್ ಆಡಿದೆವು. ಅಲ್ಲಿ ಚಿಕ್ಕ ಎಲೆ ಗೆಲ್ಲೋದು, ಎಕ್ಕ-ಎರಡು-ಮೂರು-ನಾಲ್ಕು-ಐದು ಎಲ್ಲಕ್ಕಿಂತ ಒಳ್ಳೆಯದು. ಮೊದಲು ಹಣ ಹಾಕಬೇಕಾದವನು ದೊಡ್ಡ ಎಲೆಯವನು. ಲೆಕ್ಕ ತಿರುಗಿ ಹೋಗ್ತದೆ: ನನ್ನ ಕೈಯ ಎರಡು, ನಾಲ್ಕು, ಏಳು ಬೇರೆಯವರ ಮುಂದೆ ಬಿದ್ದರೆ ನನಗೇ ಲಾಭ, ಜೋಡಿ ಆಗೋ ಭಯ ಕಡಿಮೆ. ಇದು ತಲೆಗೆ ಹತ್ತೋ ಮುಂಚೆ ನಾನೂರು ಕಳ್ಕೊಂಡೆ.

ಎಲೆ ನೆನಪಿಡೋಕೆ ಬೋಟಿನ ಹೆಸರು ಜೋಡಿಸೋ ಒಂದು ಉಪಾಯ ಇದೆ, ಅದನ್ನು ಹೇಳೋದಿಲ್ಲ, ಮುಂದಿನ ಜೂನ್‌ಗೂ ಅದೇ ಏಳು ಜನ. ಮೂರನೇ ಮಳೆಗಾಲದಲ್ಲಿ ಗೆದ್ದದ್ದು ಹನ್ನೊಂದು ಸಾವಿರದ ಹತ್ತಿರ. ಬಲೆ ಹೊಸದೇ ತಂದೆ.