ಹುಬ್ಬಳ್ಳಿಯಲ್ಲಿ ಸಾಲ್ಸಾ ಬಳಗ ಕಟ್ಟಬಯಸುವವರಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಜೋಡಿಯಾಗಿ ಕುಣಿಯುವ ಸಾಲ್ಸಾ ನೃತ್ಯದ ಬಳಗ ಕಟ್ಟಬಯಸುವವರು ಒಳ್ಳೆಯ ಶಿಕ್ಷಕರನ್ನು ಹುಡುಕುವ ಮೊದಲು ವಾರದಲ್ಲಿ ಒಂದು ದಿನವನ್ನು ಗಟ್ಟಿ ಮಾಡಿಕೊಳ್ಳಬೇಕು. ಇಬ್ಬರೇ ಬಂದರೂ ಆ ದಿನವನ್ನು ತಪ್ಪಿಸಬಾರದು. ನಾವು ಮಳೆಗಾಲದಲ್ಲಿ ಎರಡು ವಾರ ಬಿಟ್ಟಿದ್ದಕ್ಕೆ, ಚದುರಿದ ಜನರನ್ನು ಮತ್ತೆ ಕೂಡಿಸುವಷ್ಟರಲ್ಲಿ ದೀಪಾವಳಿ ಬಂದಿತ್ತು. ಸ್ಥಳವು ಈ ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಸಮೀಪವಿದ್ದರೆ ಧಾರವಾಡದವರಿಗೂ, ವಿಶೇಷವಾಗಿ ಹೆಣ್ಣುಮಕ್ಕಳಿಗೂ, ಮನೆ ಮುಟ್ಟುವ ಚಿಂತೆ ಇರುವುದಿಲ್ಲ. ನೆಲ ನುಣುಪಾಗಿರಲಿ, ಒರಟು ಗಚ್ಚಿನ ಮೇಲೆ ತಿರುಗಿದರೆ ಮೊಣಕಾಲಿಗೆ ಪೆಟ್ಟು.

ಸಂಗೀತದ ಎಂಟು ಎಣಿಕೆಯಲ್ಲಿ 1, 2, 3 ಮತ್ತು 5, 6, 7ಕ್ಕೆ ಹೆಜ್ಜೆಯಿಟ್ಟು, 4 ಮತ್ತು 8ರಲ್ಲಿ ತಡೆದು ನಿಲ್ಲುವ ಮೂಲ ಪಾಠವನ್ನು ಹೊಸಬರಿಗೆ ಪ್ರತಿ ವಾರ ಅರ್ಧ ಗಂಟೆ ಉಚಿತವಾಗಿ ಹೇಳಿಕೊಡಿ. ಆದರೆ ಬಳಗವನ್ನು ನಿಜವಾಗಿ ಬೆಸೆಯುವುದು ಕ್ಯೂಬಾದಲ್ಲಿ ಹುಟ್ಟಿದ ರುಯೆದಾ ಎಂಬ ಗುಂಪು ಕುಣಿತ. ಜೋಡಿಗಳು ವೃತ್ತವಾಗಿ ನಿಂತು, ಒಬ್ಬರು ಕೂಗಿ ಹೇಳಿದಂತೆ ಎಲ್ಲರೂ ಒಮ್ಮೆಗೇ ತಿರುಗಿ, ಜೊತೆಗಾರರನ್ನು ಬದಲಿಸುತ್ತ ಸಾಗುವ ಈ ಪ್ರಕಾರವು ಕೋಲಾಟ ಆಡಿದ ನಮ್ಮವರಿಗೆ ಬೇಗ ಕೈಗೆ ಹತ್ತುತ್ತದೆ. ಜೊತೆ ಬದಲಾಗುತ್ತಲೇ ಇರುವುದರಿಂದ ಅಪರಿಚಿತರ ಕೈ ಹಿಡಿಯುವ ಸಂಕೋಚವೂ ಕರಗುತ್ತದೆ. ಒಲ್ಲೆ ಎಂದವರನ್ನು ಒತ್ತಾಯಿಸಬಾರದು, ಜೋಡಿಯಲ್ಲಿ ಹೆಂಗಸರು ಮುನ್ನಡೆಸಲು ಅಡ್ಡಿಯಿಲ್ಲ ಎಂಬೆರಡು ನಿಯಮಗಳನ್ನು ಮೊದಲ ದಿನವೇ ತಿಳಿಸಿ.

ಬಾಡಿಗೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಮುಂದಿಡಿ. ಕುಣಿತ ಮುಗಿದ ಮೇಲೆ ಒಟ್ಟಾಗಿ ಗಿರ್ಮಿಟ್ ತಿನ್ನಲು ಹೋಗುವುದನ್ನೂ ಕಾರ್ಯಕ್ರಮದ ಭಾಗವೆಂದೇ ತಿಳಿಯಿರಿ. ನಮ್ಮಲ್ಲಿ ಹೆಜ್ಜೆ ತಪ್ಪಿ ನಾಚಿಕೊಂಡ ಹಲವರು ಮರುವಾರ ಬಂದದ್ದು ಅದರ ಸೆಳೆತಕ್ಕೇ.