ಕ್ಯಾಲಿಪರ್ ಹಾಕಿಕೊಂಡು ಒಬ್ಬನೇ ಆಲಮಟ್ಟಿ ಗಾರ್ಡನ್ ನೋಡಿ ಬಂದೆ

"ಒಬ್ಬಾಂವ ಹೋಗ್ತೀಯೇನು? ಬಿದ್ರ ಎಬ್ಬಸೋರು ಯಾರು?"

ಮನೆಯಲ್ಲಿ ಅವ್ವ ಕೇಳಿದಳು. ಓಣಿಯಲ್ಲಿ ಕಾಕಾ ಕೇಳಿದರು. ಕ್ಯಾಲಿಪರಿನ, ಅಂದರೆ ಬಲವಿಲ್ಲದ ಕಾಲಿಗೆ ಆಸರೆಯಾಗಿ ಕಟ್ಟೋ ಕಬ್ಬಿಣದ ಚೌಕಟ್ಟಿನ, ಬೆಲ್ಟ್ ಹೊಲಿದುಕೊಡುವವನೂ ದಾರ ಕಚ್ಚಿ ಹರಿಯುತ್ತಾ ಅದನ್ನೇ ಕೇಳಿದ. ಜನವರಿಯ ಒಂದು ಬುಧವಾರ ಹೋಗಿ ಬಂದೇಬಿಟ್ಟೆ. ವಿಜಯಪುರದಿಂದ ಆಲಮಟ್ಟಿ, ಹೋಗಿ ಬರೋಕೆ ಹತ್ತಿರ ಹತ್ತಿರ 130 ಕಿ.ಮೀ. ರಾಕ್ ಗಾರ್ಡನ್ ಸುತ್ತಿದೆ, ಬೋಟಿನಲ್ಲಿ ಕೂತೆ, ಕತ್ತಲಾದ ಮೇಲೆ ಸಂಗೀತ ಕಾರಂಜಿ ನೋಡಿದೆ. ಬಿದ್ದೆ ಕೂಡ. ಒಂದೇ ಸಲ.

ಬಲಗಾಲು ಪೋಲಿಯೊ, ತೊಡೆವರೆಗಿನ ಕ್ಯಾಲಿಪರ್, ನಿಂತಾಗ ಮೊಣಕಾಲು ಮಡಚದ ಹಾಗೆ ಹಿಡಿಯೋ ರಿಂಗ್ ಲಾಕ್, ಒಂದು ಎಲ್ಬೋ ಕ್ರಚ್ (ಮೊಣಕೈವರೆಗಿನ ಊರುಗೋಲು), ಸೈಡ್ ವೀಲ್ ಹಾಕಿಸಿದ ಸ್ಕೂಟರು. ನಮ್ಮವರಿಗೆ ಇಷ್ಟು ಹೇಳಿದರೆ ಸಾಕು.

ಮೊದಲು ಸೋತ ಕತೆ. ಮೂರು ವರ್ಷದ ಹಿಂದೆ ಬೆಂಗಳೂರು ಕಡೆಯ ಒಂದು ದೊಡ್ಡ ಪಾರ್ಕಿಗೆ ಹೋಗಿದ್ದೆ. ಹೆಸರು ಬೇಡ. ಟಿಕೆಟ್ಟೇ ಸಾವಿರದ ಮೇಲೆ. ಬಸ್ಸು, ರೂಮು, ಆಟೊ ಎಲ್ಲ ಸೇರಿ ಐದು ಸಾವಿರದ ಹತ್ತಿರ ಕೈಬಿಟ್ಟಿತು. ನೀರಿನ ಜಾರುಬಂಡಿಗೆ ಕಬ್ಬಿಣ ಹಾಕಿಕೊಂಡು ಬರೋ ಹಾಗಿಲ್ಲ ಅಂದರು. ಅದು ಸರಿನೇ, ಇನ್ನೊಬ್ಬರಿಗೆ ತಾಗಿದರೆ? "ಬಿಚ್ಚಿಟ್ಟು ಹತ್ತುತ್ತೇನೆ" ಅಂದೆ. "ಬಿಚ್ಚಿದರೆ ಇಷ್ಟು ಮೆಟ್ಟಿಲು ಹೆಂಗೆ ಹತ್ತುತ್ತೀರಿ ಸರ್?" ಅಂದ ಹುಡುಗ. ಉತ್ತರ ಇರಲಿಲ್ಲ. ಉಳಿದ ಕಡೆಯೆಲ್ಲ "ಜೊತೆಗೆ ಯಾರಿದ್ದಾರೆ?" ಅನ್ನೋ ಪ್ರಶ್ನೆ. ಆ ದಿನವೆಲ್ಲ ನಾನು ನೋಡಿದ್ದು ಕೊಳದ ಪಕ್ಕದ ಚಪ್ಪಲಿ ರಾಶಿ.

ಈ 'ಜೊತೆಗೆ ಯಾರು' ಅನ್ನೋದು ನಮ್ಮ ಬೆನ್ನು ಬಿಡೋದೇ ಇಲ್ಲ. ರೈಲಿನ ರಿಯಾಯಿತಿಯನ್ನೇ ನೋಡಿ. ಇನ್ನೊಬ್ಬರ ನೆರವಿಲ್ಲದೆ ಪ್ರಯಾಣ ಮಾಡೋಕಾಗಲ್ಲ ಅಂತ ಡಾಕ್ಟರು ಬರೆದುಕೊಟ್ಟರೇನೇ ಅದು ಸಿಗೋದು. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಒಬ್ಬನೇ ತಿರುಗೋಕೆ ಹೊರಟವನು ನಾನು!

ಎರಡನೇ ಸಲ ಆಲಮಟ್ಟಿಗೇ ಹೋದೆ, ಬಸ್ಸಿನಲ್ಲಿ. ಪಾಸ್ ಇದೆ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿ.ಮೀ. ಒಳಗೆ ಎಲ್ಲಿಗಾದರೂ ಹೋಗಬಹುದು. ದುಡ್ಡು ಖರ್ಚಾಗಲಿಲ್ಲ, ಕಾಲು ಖರ್ಚಾಯಿತು. ತಲುಪುವಾಗ ಮಧ್ಯಾಹ್ನ. ಬಿಸಿಲಿಗೆ ಕ್ಯಾಲಿಪರಿನ ಪಟ್ಟಿ ಕಾದು ತೊಡೆಗೆ ಬರೆ ಎಳೆದ ಹಾಗಾಯಿತು. ನಾಲ್ಕು ಗಂಟೆಗೇ ವಾಪಸ್ ಬಸ್ಸಿನ ಚಿಂತೆ ಶುರು. ಕಾರಂಜಿ ನೋಡದೆ ಬಂದೆ. "ನಾ ಹೇಳಿದ್ದೆನಲ್ಲ" ಅಂದರು ಕಾಕಾ. ಅವರಿಗೆ ಎಂಥಾ ಖುಷಿ ಅಂತೀರಿ!

ಆಮೇಲೆ ಹಟಕ್ಕೆ ಬಿದ್ದು ನಡೆಯೋದನ್ನು ಅಭ್ಯಾಸ ಮಾಡಿದೆ. ಬೆಳಿಗ್ಗೆ ಗೋಳಗುಮ್ಮಟದ ತೋಟದಲ್ಲಿ ಎರಡು ಸುತ್ತು, ಮೂರು ಸುತ್ತು. ಒಂದು ದಿನ ಧೈರ್ಯ ಜಾಸ್ತಿಯಾಗಿ ಗುಮ್ಮಟದ ಮೂಲೆ ಗೋಪುರ ಹತ್ತೋಕೆ ಹೋದೆ. ಪಿಸುಮಾತಿನ ಗ್ಯಾಲರಿಗೆ ಅದೇ ದಾರಿ, ಏಳು ಅಂತಸ್ತು. ಮೆಟ್ಟಿಲು ಎತ್ತರ, ಜಾಗ ಇಕ್ಕಟ್ಟು, ಕೋಲು ಊರೋಕೆ ಸ್ಥಳವಿಲ್ಲ. ಎರಡನೇ ಅಂತಸ್ತಿನ ಕಿಟಕಿಯಲ್ಲಿ ಕೂತು ಗಾಳಿ ತಗೊಂಡೆ. ಇಳಿಯೋಕೆ ಮುಕ್ಕಾಲು ಗಂಟೆ. ಮೇಲೆ ಯಾರೋ ಕೂಗಿದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ಆ ಕಿಟಕಿಯಲ್ಲಿ ಕೂತಾಗಲೇ ತಲೆಗೆ ಹೊಳೆದದ್ದು. ನಾನು ಎಷ್ಟು ನಡೆಯಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಹಾಕಬೇಕಾದ್ದು ಎಲ್ಲೆಲ್ಲಿ ಕೂರಬಹುದು ಅನ್ನೋ ಲೆಕ್ಕ. ನೂರು ಹೆಜ್ಜೆಗೊಮ್ಮೆ ಕೂತರೆ ನಾನು ಇಡೀ ದಿನ ನಡೆಯಬಲ್ಲೆ. ಕೂರದೇ ಇದ್ದರೆ ಅರ್ಧ ಗಂಟೆಗೆ ಮುಗೀತು.

ಮನೆಗೆ ಬಂದು ಆಲಮಟ್ಟಿಗೆ ಹೋದವರು ಫೋನಿನಲ್ಲಿ ಹಾಕಿದ ವಿಡಿಯೊಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅವರು ತೋರಿಸೋದು ಕಲ್ಲಿನ ಪ್ರಾಣಿ, ಪಕ್ಷಿ. ನಾನು ನೋಡಿದ್ದು ಅವುಗಳ ಹಿಂದಿನ ಕಟ್ಟೆ, ಬೆಂಚು, ಗಿಡದ ಬುಡ. ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ.

ಕಟ್ಟೆ ಇಲ್ಲದ ಕಡೆಗೆ ಮಡಚೋ ಸ್ಟೂಲು. ಮೊದಲು ತಂದದ್ದು ಒಂದಡಿ ಎತ್ತರದ್ದು, 300 ಚಿಲ್ಲರೆ. ಕೂತೆ, ಏಳೋಕೆ ಆಗಲಿಲ್ಲ. ಆಮೇಲೆ ಒಂದೂವರೆ ಅಡಿಯದು, 600ರ ಸುಮಾರು. ಅದು ಕರೆಕ್ಟು. ಟವೆಲ್ಲಿನಲ್ಲಿ ಕಟ್ಟಿ ಹೆಗಲಿಗೆ ಅಡ್ಡ ಹಾಕಿಕೊಂಡರೆ ಕೈ ಎರಡೂ ಖಾಲಿ.

ಹಳೇ ಸ್ಟೂಲನ್ನು ಸುಮ್ನೆ ಬಿಡಲಿಲ್ಲ. ಕುಕ್ಕರಗಾಲಲ್ಲಿ ಕೂರಲಾಗದ ನಮ್ಮಂಥವರಿಗೆ ಹೊರಗೆ ಹೋದರೆ ದೊಡ್ಡ ತಲೆನೋವು ಯಾವುದು ಅಂತ ಹೇಳಬೇಕಾಗಿಲ್ಲ, ಅಲ್ವಾ? ಬಡಿಗನ ಹತ್ತಿರ ಸ್ಟೂಲಿನ ನಡುವೆ ತೂತು ಕೊರೆಸಿದೆ. ಮನೆಯಲ್ಲೇ ಪರೀಕ್ಷೆ ಮಾಡಿದೆ. ಎರಡನೇ ದಿನ ಸ್ಟೂಲಿನ ಕಾಲು ಅಗಲವಾಗಿ ಹೋಳಾಯಿತು. ಮುಂದಿನದು ಕೇಳಬೇಡಿ. ಈಗ ಮಾಡೋದು ಇಷ್ಟೆ: ಹೆದ್ದಾರಿಯಲ್ಲಿ ಕಮೋಡ್ ಇರುವ ಒಂದು ಹೋಟೆಲ್ಲು ಹುಡುಕಿಟ್ಟಿದ್ದೇನೆ. ಹೋಗುವಾಗ ಅಲ್ಲಿ ಇಡ್ಲಿ, ಬರುವಾಗ ಚಹಾ. ಮನಗೂಳಿ ದಾಟಿದ ಮೇಲೆ, ನಿಡಗುಂದಿಗಿಂತ ಮೊದಲು. ಯಾವುದು ಅಂತ ಹೇಳಲ್ಲ. ಎಲ್ಲರೂ ಹೋದರೆ ಅವರೂ ಬೀಗ ಹಾಕ್ತಾರೆ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು, ಮಾತಾಡಲಿಲ್ಲ. ಮಧ್ಯಾಹ್ನದ ಬಿಸಿಲು ಪೂರ್ತಿ ಒಂದೇ ಮರದ ಕೆಳಗೆ ಕಳೆದೆ, ಲಾಕ್ ಬಿಚ್ಚಿ, ಕಾಲು ಮಡಚಿ. ಮೂರರ ಮೇಲೆ ರಾಕ್ ಗಾರ್ಡನ್. ಹಾಳೆಯಲ್ಲಿ ಗುರುತು ಹಾಕಿದ್ದು ಹನ್ನೊಂದು ಕಡೆ, ಕೂತದ್ದು ಹದಿನಾಲ್ಕೋ ಹದಿನೈದೋ.

ಬೋಟು ಹತ್ತೋಕೆ ನಾನು ಕಂಡುಕೊಂಡ ಒಂದು ಉಪಾಯ ಇದೆ. ಎದುರಿಗೆ ಸಿಕ್ಕರೆ ತೋರಿಸುತ್ತೇನೆ. ಬರೆದರೆ ಯಾರಾದರೂ ನೀರಿಗೆ ಬಿದ್ದಾರು. ಆದರೆ ಇದನ್ನಂತೂ ಮರೀಬೇಡಿ: ಲೈಫ್ ಜಾಕೆಟ್ ಹಾಕಿಕೊಂಡು ಕೂತ ಮೇಲೆ ತೊಡೆಯ ಬೆಲ್ಟು, ಬೂಟಿನ ಲೇಸು ಎರಡೂ ಸಡಿಲ ಮಾಡಿಕೊಳ್ಳಿ. ಕಾಲಿಗೆ ಎರಡು ಕೆ.ಜಿ. ಕಬ್ಬಿಣ ಕಟ್ಟಿಕೊಂಡು ಕೃಷ್ಣೆಯ ಮೇಲೆ ತೇಲೋದು ಬೇಡ.

ಬಿದ್ದದ್ದು ಸಂಜೆ, ನೀರು ಚೆಲ್ಲಿದ್ದ ನೆಲದ ಮೇಲೆ. ತಪ್ಪು ನನ್ನದೇ. ಕೋಲಿನ ತುದಿಗೆ ಹಾಕೋ ರಬ್ಬರ್ ಬುಶ್ಶಿಗೆ 80 ರೂಪಾಯಿ ಯಾಕೆ ಅಂತ ಟ್ರ್ಯಾಕ್ಟರ್ ಟೈರಿನ ತುಂಡು ಕತ್ತರಿಸಿ ಅಂಟಿಸಿದ್ದೆ. ಒಣ ನೆಲದಲ್ಲಿ ಅದು ಕಂಪನಿ ಬುಶ್ಶಿಗಿಂತ ಗಟ್ಟಿ, ಒದ್ದೆಯಲ್ಲಿ ಸಾಬೂನು. ದಡ್ ಅಂತ ಎಡಕ್ಕೆ ಬಿದ್ದೆ. ನಾಲ್ಕು ಜನ ಓಡಿ ಬಂದರು, ಒಬ್ಬ ಹುಡುಗ ತೋಳು ಹಿಡಿದು ಎಳೆಯತೊಡಗಿದ. "ತಮ್ಮಾ, ನನ್ನ ಮುಟ್ಟಬ್ಯಾಡ, ಆ ಕೋಲು ಗಟ್ಟಿ ಹಿಡಿ" ಅಂದೆ. ಬೋರಲು ತಿರುಗಿದೆ. ಲಾಕ್ ಹಾಕಿದ ಕಾಲು ಹಿಂದೆ ನೆಟ್ಟಗೆ, ಒಳ್ಳೇ ಕಾಲು ಹೊಟ್ಟೆ ಕೆಳಗೆ, ಎರಡೂ ಅಂಗೈ ನೆಲಕ್ಕೆ. ಆಮೇಲೆ ಕೋಲು ಹಿಡಿದು ಕೈ ಮೇಲೆ ಕೈ ಏರಿಸುತ್ತಾ ಎದ್ದೆ. ಒಂದು ನಿಮಿಷ ಹಿಡಿಯಿತೇನೋ. ಹುಡುಗ ಕೋಲನ್ನು ಬಿಡಲೇ ಇಲ್ಲ, ಅವನ ಕೈ ನಡುಗುತ್ತಿತ್ತು.

ಕಾರಂಜಿಗೆ ಒಂದು ಗಂಟೆ ಮೊದಲೇ ಹೋಗಿ ಅಂಚಿನ ಜಾಗ ಹಿಡಿದೆ. ಮುಗಿದ ಮೇಲೆ ಇಪ್ಪತ್ತು ನಿಮಿಷ ಏಳಲೇ ಇಲ್ಲ. ಕತ್ತಲಲ್ಲಿ ಒಮ್ಮೆಲೇ ಹೊರಡೋ ಗುಂಪಿನಲ್ಲಿ ಯಾರ ಕಾಲಾದರೂ ಕೋಲಿಗೆ ತಾಗಿದರೆ ಮುಗೀತು.

ವಾಪಸ್ ದಾರಿಗೇ ನಾನು ಹೆದರಿದ್ದು. ಕಬ್ಬಿನ ಹಂಗಾಮು. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಎರಡೆರಡು ಟ್ರೇಲರು ಎಳೆದುಕೊಂಡು ಟ್ರ್ಯಾಕ್ಟರ್ ಹೋಗುತ್ತಿರುತ್ತೆ, ಹತ್ತಿರ ಹೋಗೋವರೆಗೂ ಗೊತ್ತಾಗಲ್ಲ. ಸೈಡ್ ವೀಲಿನ ಗಾಡಿ ಸರಕ್ಕನೆ ಪಕ್ಕಕ್ಕೆ ವಾಲೋದಿಲ್ಲ. 35ರ ಮೇಲೆ ಓಡಿಸಲಿಲ್ಲ. ಗಾಡಿಯ ಹಿಂದೆ, ಕೋಲಿಗೆ ಹೊಳೆಯೋ ಟೇಪು ಸುತ್ತಿದ್ದೆ, 40 ರೂಪಾಯಿ. ಮನೆ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಕಾಕಾ ಕಟ್ಟೆ ಮೇಲೇ ಕೂತಿದ್ದರು. "ಊಟ ಆತೇನ?" ಅಂದರು, ಅಷ್ಟೇ.

ಪೆಟ್ರೋಲು 400ರ ಹತ್ತಿರ, ಟಿಕೆಟ್ಟು, ಬೋಟು, ಇಡ್ಲಿ, ಚಹಾ ಎಲ್ಲ ಸೇರಿ 700ರೊಳಗೆ ಮುಗಿಯಿತು. ಸ್ಟೂಲಿನ ಖರ್ಚು ಬೇರೆ. ಮರುದಿನ ಹೋಗಿ ಎರಡು ಹೊಸ ಬುಶ್ ತಂದೆ.

ಮುಂದಿನದು ಕೂಡಲಸಂಗಮ. ಸಂಕ್ರಾಂತಿ ಗದ್ದಲದಲ್ಲಿ ಅಲ್ಲ, ಆಮೇಲೆ. ಬಸವಣ್ಣನವರ ಐಕ್ಯಮಂಟಪಕ್ಕೆ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲು ಇಳಿದು ಹೋಗಬೇಕು. ಎಷ್ಟು ಮೆಟ್ಟಿಲು ಅಂತ ಹೋಗಿ ಬಂದ ಮೂವರನ್ನು ಕೇಳಿದೆ, ಮೂರು ಲೆಕ್ಕ ಬಂತು. ನಮ್ಮ ಪೈಕಿ ಯಾರಾದರೂ ಕೋಲು ಊರಿಕೊಂಡು ಇಳಿದವರಿದ್ದರೆ ಹೇಳಿ. ನೀವಾದರೆ ಎಣಿಸಿರುತ್ತೀರಿ.